ಬೋಟಿಗೆ ಯಾವ ಕಂಪ್ಯೂಟರ್: ರಗಡ್ ಲ್ಯಾಪ್‌ಟಾಪಾ, ಟ್ಯಾಬ್ಲೆಟ್ಟಾ, ಫ್ಯಾನಿಲ್ಲದ ಡಬ್ಬಾನಾ, ಇಲ್ಲಾ ಕೈಯಾರೆ ಕಟ್ಟೋದಾ?

ಬೋಟಿಗೆ ಕಂಪ್ಯೂಟರ್ ತಗೋಬೇಕು ಅಂದ ತಕ್ಷಣ ಎಲ್ರೂ ಕೇಳೋದು "ವಾಟರ್‌ಪ್ರೂಫ್ ಲ್ಯಾಪ್‌ಟಾಪ್ ಯಾವುದು ಚೆನ್ನಾಗಿದೆ" ಅಂತ. ನನ್ನ ಲೆಕ್ಕದಲ್ಲಿ ಅದು ಮೂರನೇ ಪ್ರಶ್ನೆ. ಮೊದಲನೇದು, ಆ ಕಂಪ್ಯೂಟರ್ ಬೋಟಲ್ಲಿ ಎಲ್ಲಿ ಕೂರುತ್ತೆ. ಎರಡನೇದು, ಅದಕ್ಕೆ ಕರೆಂಟ್ ಎಲ್ಲಿಂದ ಬರುತ್ತೆ. ಇವೆರಡು ಗೊತ್ತಾಗಿಬಿಟ್ರೆ ಮಾಡೆಲ್ ಆರಿಸೋದು ಅರ್ಧ ದಿನದ ಕೆಲಸ. ಗೊತ್ತಾಗದೇ ಇದ್ರೆ ಎಂಥಾ ಗಟ್ಟಿ ಕಂಪ್ಯೂಟರ್ ತಂದಿಟ್ರೂ ಒಂದು ದಿನ ಎಂಜಿನ್ ಸ್ಟಾರ್ಟ್ ಮಾಡೋವಾಗ ಸ್ಕ್ರೀನ್ ಕಪ್ಪಾಗುತ್ತೆ, ಇಲ್ಲಾ ಒಂದು ವರ್ಷದೊಳಗೆ ಚಾರ್ಜರ್ ಪಿನ್ ಕಿಲುಬು ಹಿಡಿದು ಹೋಗುತ್ತೆ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ನಿಮಗೆ ಬೇಕಿರೋದು ಬರೀ ಚಾರ್ಟು (ನೀರಿನ ಮೇಲೆ ಓಡಾಡೋಕಿರೋ ನಕ್ಷೆ), ಆಳ, ವೇಗ ಇಷ್ಟೇ ಅಂತಾದ್ರೆ ಕಂಪ್ಯೂಟರ್ ಸಹವಾಸಾನೇ ಬೇಡ, ಸುಮ್ನೆ ಒಂದು ಚಾರ್ಟ್‌ಪ್ಲಾಟರ್, ಅಂದ್ರೆ ಆ ನಕ್ಷೆ ಮೇಲೆ ನಿಮ್ಮ ಬೋಟ್ ಎಲ್ಲಿದೆ ತೋರಿಸೋ ಸಾಧನ, ತಗೊಳ್ಳಿ. ಗಾರ್ಮಿನ್, ರೇಮರೀನ್, ಸಿಮ್ರಾಡ್ ಇವರೆಲ್ಲ ಮಾಡೋ ಪ್ಲಾಟರ್‌ಗಳಲ್ಲಿ ಬಿಸಿಲಲ್ಲಿ ಕಾಣೋ ಸ್ಕ್ರೀನು, ನೀರು ತಡೆಯೋ ಬಾಡಿ, ನೇರವಾಗಿ 12 ವೋಲ್ಟಿಗೆ ಹಾಕೋ ವೈರು ಎಲ್ಲಾ ಇದ್ದೇ ಇರುತ್ತೆ, ಮತ್ತೆ "ಅಪ್‌ಡೇಟ್ ಆಗ್ತಿದೆ, ದಯವಿಟ್ಟು ಕಾಯಿರಿ" ಅಂತ ನಡುನೀರಲ್ಲಿ ಕೂರಿಸಲ್ಲ. ಕಂಪ್ಯೂಟರ್ ಬೇಕಾಗೋದು ಅದಕ್ಕಿಂತ ಜಾಸ್ತಿ ಆಸೆ ಇರೋರಿಗೆ. ಓಪನ್‌ಸಿಪಿಎನ್ ಥರದ ಸಾಫ್ಟ್‌ವೇರಲ್ಲಿ ಬೇರೆಬೇರೆ ಕಡೆಯ ಚಾರ್ಟ್ ಹಾಕ್ಕೊಂಡು ನೋಡಬೇಕು, ಹವಾಮಾನ ಮುನ್ಸೂಚನೆಯ ಗ್ರಿಬ್ ಫೈಲಲ್ಲಿ ನಾಳೆ ಗಾಳಿ ಹೆಂಗಿದೆ ತಿಳಿಬೇಕು, ಸುತ್ತ ಇರೋ ಹಡಗುಗಳನ್ನ ಎಐಎಸ್‌ನಲ್ಲಿ (ಹಡಗುಗಳು ತಾವೆಲ್ಲಿದೀವಿ ಅಂತ ರೇಡಿಯೋದಲ್ಲಿ ಸಾರೋ ವ್ಯವಸ್ಥೆ) ನೋಡಬೇಕು, ರಾತ್ರಿ ಲಂಗರು ಜಾರಿದ್ರೆ ಅಲಾರಂ ಹೊಡಿಬೇಕು, ಬ್ಯಾಟರಿ ಟ್ಯಾಂಕು ಎಂಜಿನ್ ಎಲ್ಲದರ ಲಾಗ್ ಇಡಬೇಕು, ಜೊತೆಗೆ ಆಫೀಸ್ ಕೆಲಸಾನೂ ಮಾಡ್ಕೋಬೇಕು ಅನ್ನೋರಿಗೆ.

ಕೊಲ್ಲೋದು ಅಲೆ ಅಲ್ಲ, ಉಪ್ಪು

ದೊಡ್ಡ ಅಲೆ ಬಂದು ಕಂಪ್ಯೂಟರ್ ಮುಳುಗಿಹೋಯ್ತು ಅನ್ನೋದು ಅಪರೂಪ. ದಿನಾ ನಡೆಯೋ ಕಥೆ ಬೇರೆ. ಸಮುದ್ರದ ನೀರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತೆ. ಗಾಳೀಲಿ ಹಾರಿಬಂದ ಸಣ್ಣ ಹನಿ ಒಣಗಿದ್ರೆ ನೀರು ಹೋಗುತ್ತೆ, ಉಪ್ಪು ಅಲ್ಲೇ ಕೂರುತ್ತೆ. ಗಾಳಿಯ ತೇವಾಂಶ ಸುಮಾರು 75 ಪರ್ಸೆಂಟ್ ದಾಟಿದ್ರೆ ಆ ಉಪ್ಪು ತಾನಾಗೇ ನೀರು ಎಳ್ಕೊಂಡು ಕರಗುತ್ತೆ, ಅಡುಗೆಮನೆ ಉಪ್ಪಿನ ಡಬ್ಬಿ ಮಳೆಗಾಲದಲ್ಲಿ ಒದ್ದೆ ಒದ್ದೆ ಆಗುತ್ತಲ್ಲ ಅದೇ ಥರ, ಆದ್ರೆ ಇಲ್ಲಿ ಅದು ಆಗ್ತಿರೋದು ಮದರ್‌ಬೋರ್ಡ್ ಮೇಲೆ, ಅಕ್ಕಪಕ್ಕದ ಎರಡು ಪಿನ್ನಿನ ಮಧ್ಯ, ಒಂದರಲ್ಲಿ 5 ವೋಲ್ಟು ಇನ್ನೊಂದರಲ್ಲಿ ಗ್ರೌಂಡು. ನೀರಿನ ಮೇಲೆ ತೇವಾಂಶ 75 ದಾಟೋದು ಏನೂ ದೊಡ್ಡ ಮಾತಲ್ಲ, ಹಾಗಾಗಿ ಒಮ್ಮೆ ಕೂತ ಉಪ್ಪು ಹೆಚ್ಚು ಹೊತ್ತು ಹಸಿಯಾಗೇ ಇರುತ್ತೆ.

ಯಾವುದಾದ್ರೂ ಹಳೇ ಬೋಟಲ್ಲಿ ಚುಕ್ಕಾಣಿ ಪಕ್ಕದ ಯುಎಸ್‌ಬಿ ಪೋರ್ಟಿಗೆ ಟಾರ್ಚ್ ಬಿಟ್ಟು ನೋಡಿ. ಹೊರಗಿನ ತಗಡು ಬರೀ ಮಂಕಾಗಿರುತ್ತೆ ಅಷ್ಟೇ, ಆದ್ರೆ ಒಳಗಿನ ನಾಲ್ಕು ಪಟ್ಟಿಯಲ್ಲಿ ಒಂದೇ ಒಂದು, ಯಾವಾಗಲೂ 5 ವೋಲ್ಟ್ ಇರೋ ಅಂಚಿನ ಪಟ್ಟಿ, ಹಸಿರು ಪುಡಿ ಆಗಿರುತ್ತೆ. ಉಳಿದ ಮೂರು ಸುಮಾರಾಗಿ ಸರಿ ಇರುತ್ವೆ. ಉಪ್ಪುನೀರು, ತಾಮ್ರ, ಕರೆಂಟು ಮೂರೂ ಸೇರಿದ ಕಡೆಯೇ ಕಿಲುಬು ಜೋರಾಗಿ ಬೆಳೆಯೋದು. ಇದರಿಂದ ಎರಡು ಪಾಠ. ಬಳಸದೇ ಇರೋ ಪೋರ್ಟಿಗೆ ಕರೆಂಟ್ ಹೋಗದಂಗೆ ಒಂದು ಸ್ವಿಚ್ ಇರಲಿ, ಮತ್ತೆ ಮುಚ್ಚಳ ಇರೋ ಪೋರ್ಟಾದ್ರೆ ಮುಚ್ಚಳ ಹಾಕೋ ಅಭ್ಯಾಸ ಇರಲಿ.

ಮಾಮೂಲಿ ಲ್ಯಾಪ್‌ಟಾಪ್ ಬೋಟಲ್ಲಿ ಬೇಗ ಸಾಯೋದು ಫ್ಯಾನಿನಿಂದ. ಅದು ದಿನವಿಡೀ ಹೊರಗಿನ ಉಪ್ಪು ಗಾಳಿ ಎಳೆದು ಬೋರ್ಡ್ ಮೇಲೇ ಊದ್ತಾ ಇರುತ್ತೆ. ಆಮೇಲೆ ರಾತ್ರಿ ತಣ್ಣಗಾದಾಗ ಕೂರೋ ಇಬ್ಬನಿ. ಅದಕ್ಕೇ ಕೆಲವರು ಕಡಿಮೆ ಕರೆಂಟಿನ ಕಂಪ್ಯೂಟರ್ ಆಫ್ ಮಾಡೋದೇ ಇಲ್ಲ, ಬೋರ್ಡ್ ಸುತ್ತಲಿನ ಗಾಳಿಗಿಂತ ಸ್ವಲ್ಪ ಬೆಚ್ಚಗಿದ್ರೆ ಅದರ ಮೇಲೆ ನೀರು ಕೂರಲ್ಲ ಅನ್ನೋ ಲೆಕ್ಕ, ಸರಿಯಾದ ಲೆಕ್ಕವೇ. ಕೆರೆ ಹೊಳೆಯಲ್ಲಿ ಓಡಾಡೋ ಬೋಟಾದ್ರೆ ಈ ಉಪ್ಪಿನ ತಲೆಬಿಸಿ ಇಲ್ಲ, ಅಲ್ಲಿ ಇಬ್ಬನಿ, ಬಿಸಿಲು, ಕುಲುಕಾಟ ನೋಡ್ಕೊಂಡ್ರೆ ಸಾಕು, ಅರ್ಧ ಖರ್ಚು ಉಳಿಯುತ್ತೆ.

ಐಪಿ ನಂಬರು, ಮಿಲಿಟರಿ ಸ್ಟಿಕ್ಕರು: ಎಷ್ಟು ನಂಬಬಹುದು

ಐಪಿ ಅನ್ನೋದು ಧೂಳು, ನೀರು ಎಷ್ಟು ತಡೆಯುತ್ತೆ ಅನ್ನೋದರ ನಂಬರು. ಐಪಿ67 ಅಂದ್ರೆ ಧೂಳು ಒಳಗೆ ಹೋಗಲ್ಲ, 1 ಮೀಟರ್ ನೀರಲ್ಲಿ 30 ನಿಮಿಷ ಮುಳುಗಿದ್ರೂ ಕೆಡಲ್ಲ ಅಂತ. ಐಪಿ65, ಐಪಿ66 ಅಂದ್ರೆ ಪೈಪಿಂದ ಹೊಡೆಯೋ ನೀರು ತಡೆಯುತ್ತೆ ಅಂತ. ಇಲ್ಲಿ ತುಂಬಾ ಜನ ತಪ್ಪು ತಿಳಿಯೋದೇನು ಅಂದ್ರೆ, 67 ದೊಡ್ಡ ನಂಬರು, ಹಾಗಾಗಿ 66 ಅದರೊಳಗೆ ಬಂತು ಅಂತ. ಹಂಗಿಲ್ಲ. ಮುಳುಗಿಸೋ ಟೆಸ್ಟು ಬೇರೆ, ಜೋರು ನೀರು ಹೊಡೆಯೋ ಟೆಸ್ಟು ಬೇರೆ, ಎರಡೂ ಪಾಸಾಗಿದ್ರೆ ಕಂಪನಿಯವರು ಎರಡನ್ನೂ ಬರೀತಾರೆ. ಬೋಟಲ್ಲಿ ನಿಮಗೆ ಬೇಕಿರೋದು ಹೆಚ್ಚಾಗಿ ಹೊಡೆಯೋ ನೀರಿನದ್ದೇ. ಮತ್ತೆ ಈ ಟೆಸ್ಟ್ ಎಲ್ಲಾ ಸಿಹಿನೀರಲ್ಲಿ, ಪೋರ್ಟ್ ಮುಚ್ಚಳ ಎಲ್ಲಾ ಹಾಕಿ ಮಾಡಿರೋದು. ಚಾರ್ಜರ್ ಚುಚ್ಚೋಕೆ ನೀವು ಒಂದು ಮುಚ್ಚಳ ತೆಗೆದ್ರಿ ಅಂದ್ರೆ ಆ ನಂಬರಿಗೆ ಅರ್ಥ ಹೋಯ್ತು. ಬೋಟಲ್ಲಿ ಲ್ಯಾಪ್‌ಟಾಪ್ ಹೆಚ್ಚು ಹೊತ್ತು ಚಾರ್ಜರಲ್ಲೇ ಇರುತ್ತಲ್ವಾ!

ಮಿಲ್-ಎಸ್‌ಟಿಡಿ-810 ಅನ್ನೋದು ಅಮೆರಿಕದ ಮಿಲಿಟರಿಯ ಟೆಸ್ಟ್ ಪದ್ಧತಿ, ಈಗಿನದು 2019ರಲ್ಲಿ ಬಂದ ಎಚ್ ಆವೃತ್ತಿ. ಇದು ಪಾಸು ಫೇಲು ಅಂತ ಸರ್ಟಿಫಿಕೇಟ್ ಕೊಡೋ ವ್ಯವಸ್ಥೆ ಅಲ್ಲ. ಅದರಲ್ಲಿ ಬಿಸಿಲು, ಚಳಿ, ತೇವ, ಕುಲುಕಾಟ, ಬೀಳೋದು, ಉಪ್ಪು ಮಂಜು ಅಂತ ಎರಡು ಡಜನ್‌ಗೂ ಜಾಸ್ತಿ ಮೆಥಡ್ ಇವೆ, ಕಂಪನಿ ತನಗೆ ಬೇಕಾದ್ದನ್ನ ಆರಿಸ್ಕೊಂಡು ಟೆಸ್ಟ್ ಮಾಡಿಸಬಹುದು. ಹಾಗಾಗಿ ಕಾಲೇಜ್ ಹುಡುಗರಿಗೆ ಮಾರೋ ಸಣಕಲು ಲ್ಯಾಪ್‌ಟಾಪ್ ಮೇಲೂ ಆ ಸ್ಟಿಕ್ಕರ್ ಕಾಣುತ್ತೆ. ನೀವು ಕೇಳಬೇಕಾದ್ದು ಒಂದೇ, ಮೆಥಡ್ 509 ಅಂದ್ರೆ ಉಪ್ಪು ಮಂಜಿನ ಟೆಸ್ಟ್ ಮಾಡಿಸಿದಾರಾ ಅಂತ. ಸ್ಪೆಕ್ ಶೀಟಲ್ಲಿ ಅದರ ಸುದ್ದಿ ಇಲ್ಲ ಅಂದ್ರೆ ಮಾಡಿಸಿಲ್ಲ ಅಂತಾನೇ ತಿಳ್ಕೊಳ್ಳಿ.

ಹಡಗಿನ ಸಾಮಾನಿಗೇ ಅಂತ ಇರೋದು ಐಇಸಿ 60945. ಅದರಲ್ಲಿ ನೀರು, ಕುಲುಕಾಟದ ಜೊತೆ ರೇಡಿಯೋಗೆ ಎಷ್ಟು ತೊಂದರೆ ಕೊಡುತ್ತೆ, ದಿಕ್ಸೂಚಿಯಿಂದ ಎಷ್ಟು ದೂರ ಇಡಬೇಕು ಅನ್ನೋದೂ ಬರುತ್ತೆ. ಈ ನಂಬರ್ ಇರೋ ಡಬ್ಬ ಸಿಕ್ಕಿದ್ರೆ ಕಣ್ಮುಚ್ಚಿ ತಗೋಬಹುದು, ಬೆಲೆ ನೋಡೋವಾಗ ಮಾತ್ರ ಕಣ್ಣು ತೆಗೀರಿ.

ಕರೆಂಟು: ಎಲ್ರೂ ಕೊನೆಗೆ ಯೋಚಿಸೋ ವಿಷಯ

12 ವೋಲ್ಟ್ ಬ್ಯಾಟರಿ ಅಂತ ಹೆಸರಷ್ಟೇ. ಲೆಡ್ ಆಸಿಡ್ ಬ್ಯಾಟರಿ ಫುಲ್ ಇದ್ದು ಸುಮ್ನೆ ಕೂತಾಗ 12.7 ಹತ್ರ, ಎಂಜಿನ್ ಓಡ್ತಾ ಚಾರ್ಜ್ ಆಗೋವಾಗ 14.4 ಆಸುಪಾಸು, ಸ್ಟಾರ್ಟರ್ ತಿರುಗೋ ಆ ಎರಡು ಸೆಕೆಂಡಲ್ಲಿ 9ಕ್ಕೋ ಇನ್ನೂ ಕೆಳಗೋ ಬೀಳುತ್ತೆ. "12 ವೋಲ್ಟ್ ಇನ್‌ಪುಟ್" ಅಂತ ಬರೆದಿರೋ ಮನೆಯ ಮಿನಿ ಪಿಸಿಯನ್ನ ಇದಕ್ಕೆ ನೇರ ಚುಚ್ಚಿದ್ರೆ ಸ್ಟಾರ್ಟ್ ಹೊಡೆದಾಗ ರೀಬೂಟ್, ಅಲ್ಟರ್ನೇಟರ್ ಕಡೆಯಿಂದ ಒಂದು ಸ್ಪೈಕ್ ಬಂದ ದಿನ ಅಲ್ಲಿಗೆ ಮುಗೀತು. ಬೇಕಾಗಿರೋದು 9ರಿಂದ 36 ವೋಲ್ಟ್ ತಗೊಳ್ಳೋ ಅಗಲ ಇನ್‌ಪುಟ್ಟಿನ ಮಿಷನ್, ಇಲ್ಲಾ ಮಧ್ಯ ಅಂಥದೊಂದು ಡಿಸಿ-ಡಿಸಿ ಕನ್ವರ್ಟರ್, ಅಂದ್ರೆ ಬ್ಯಾಟರಿ ಏರಿಳಿದ್ರೂ ಒಂದೇ ವೋಲ್ಟೇಜ್ ಕೊಡೋ ಡಬ್ಬಿ. ಲ್ಯಾಪ್‌ಟಾಪಾದ್ರೆ ಅದಕ್ಕೆ ಬೇಕಾದ 19 ಅಥವಾ 20 ವೋಲ್ಟಿಗೆ ಏರಿಸಿಕೊಡೋ ಡಿಸಿ ಚಾರ್ಜರ್ ಸಿಗುತ್ತೆ, ಟೈಪ್-ಸಿ ಲ್ಯಾಪ್‌ಟಾಪಿಗೆ 65 ಇಲ್ಲಾ 100 ವಾಟಿನ ಪಿಡಿ (ಯುಎಸ್‌ಬಿ ಪವರ್ ಡೆಲಿವರಿ) ಚಾರ್ಜರ್ ಸಾಕು.

ಇನ್ವರ್ಟರ್ ಹಾಕಿ ಮನೆ ಚಾರ್ಜರ್ ಬಳಸೋದು ಸುಲಭ ಅನ್ಸುತ್ತೆ, ಆದ್ರೆ 12ನ್ನ 230 ಮಾಡಿ ಮತ್ತೆ 19 ಮಾಡೋದ್ರಲ್ಲಿ ಎರಡು ಕಡೆ ಸೋರಿಕೆ, ಎರಡೂ ಸೇರಿ ಕಾಲು ಭಾಗದ ತನಕ ಬಿಸಿಯಾಗೇ ಹೋಗುತ್ತೆ, ಜೊತೆಗೆ ಇನ್ವರ್ಟರ್ ಸುಮ್ನೆ ಆನ್ ಇದ್ರೂ ಅದರ ಪಾಲು ಬೇರೆ ತಿನ್ನುತ್ತೆ. ಆಗೊಮ್ಮೆ ಈಗೊಮ್ಮೆಗೆ ಓಕೆ, ದಿನಾ ಬೇಡ.

ಈಗ ಲೆಕ್ಕ. 100 ಆಂಪ್-ಅವರ್ ಲೆಡ್ ಆಸಿಡ್ ಬ್ಯಾಟರಿಯಲ್ಲಿ ಅರ್ಧಕ್ಕಿಂತ ಕೆಳಗೆ ಇಳಿಸಬಾರದು ಅಂತ ಇಟ್ಕೊಂಡ್ರೆ ಕೈಗೆ ಸಿಗೋದು 50 ಆಂಪ್-ಅವರ್, ಸುಮಾರು 600 ವಾಟ್-ಅವರ್. 25 ವಾಟ್ ಎಳೆಯೋ ಲ್ಯಾಪ್‌ಟಾಪ್ ದಿನಪೂರ್ತಿ ಇಟ್ರೆ 24 ಗಂಟೆಗೆ 600, ಬ್ಯಾಟರಿ ಅದೊಂದಕ್ಕೇ ಖಾಲಿ, ಫ್ರಿಜ್ಜು ದೀಪ ರೇಡಿಯೋ ಎಲ್ಲಾ ಬಾಯಿ ಬಿಡ್ಕೊಂಡು ಕೂರಬೇಕು. 12 ವಾಟಿನ ಮಿನಿ ಪಿಸಿಗೆ 288. 5 ವಾಟಿನ ರಾಸ್ಪ್‌ಬೆರಿ ಪೈಗೆ (ಅಂಗೈಯಲ್ಲಿ ಹಿಡಿಯೋ ಸಣ್ಣ ಕಂಪ್ಯೂಟರ್ ಬೋರ್ಡ್) 120, ಅಂದ್ರೆ 10 ಆಂಪ್-ಅವರ್ ಅಷ್ಟೇ. ಇದರಲ್ಲಿ ಸ್ಕ್ರೀನ್ ಸೇರಿಸಿಲ್ಲ. ಬಿಸಿಲಲ್ಲಿ ಕಾಣೋ ಮಾನಿಟರ್ ಫುಲ್ ಬ್ರೈಟ್‌ನೆಸ್ಸಲ್ಲಿ ಕಂಪ್ಯೂಟರಿಗಿಂತ ಜಾಸ್ತಿ ತಿನ್ನೋದುಂಟು, ಹಾಗಾಗಿ ಸ್ಕ್ರೀನ್ ಆಫ್ ಮಾಡಿದ್ರೂ ಒಳಗೆ ಕೆಲಸ ನಡೀತಿರೋ ಹಾಗಿರಬೇಕು. ಲಂಗರು ಅಲಾರಂ, ಎಐಎಸ್ ಕಾವಲು ಇವೆಲ್ಲ ರಾತ್ರಿಪೂರ್ತಿ ಬೇಕು ಅನ್ನೋರಿಗೆ ಈ ಲೆಕ್ಕವೇ ಯಾವ ಕಂಪ್ಯೂಟರ್ ಅನ್ನೋದನ್ನ ತೀರ್ಮಾನ ಮಾಡುತ್ತೆ, ಪ್ರೊಸೆಸರ್ ಸ್ಪೀಡ್ ಅಲ್ಲ.

ಈಗ ಒಂದೊಂದಾಗಿ

ರಗಡ್, ಅಂದ್ರೆ ಪೆಟ್ಟು ನೀರು ಧೂಳು ತಡೆಯೋ ಹಾಗೆ ಮಾಡಿರೋ ಲ್ಯಾಪ್‌ಟಾಪಿಂದ ಶುರು ಮಾಡೋಣ. 1996ರಿಂದ ಬರ್ತಿರೋ ಪ್ಯಾನಾಸೋನಿಕ್ ಟಫ್‌ಬುಕ್, ಗೆಟ್ಯಾಕ್, ಡೆಲ್‌ನ ರಗಡ್ ಸಾಲು ಇವೇ ಮುಖ್ಯ. ಇವುಗಳಲ್ಲೂ ಎರಡು ಜಾತಿ. ಉದಾಹರಣೆಗೆ ಟಫ್‌ಬುಕ್ 40 ಪೂರ್ತಿ ರಗಡ್, ಐಪಿ66, ಟಫ್‌ಬುಕ್ 55 ಅರೆ-ರಗಡ್, ಐಪಿ53. ಎರಡೂ ನೋಡೋಕೆ ಗಟ್ಟಿಮುಟ್ಟು, ಆದ್ರೆ 53 ಅಂದ್ರೆ ಮೇಲಿಂದ ಚಿಮುಕಿಸೋ ನೀರಿನ ಮಟ್ಟಿಗೆ ಮಾತ್ರ, ತೆರೆದ ಬೋಟಿಗೆ ಆಗಲ್ಲ. ಇವುಗಳ ದೊಡ್ಡ ಅನುಕೂಲ ಏನಂದ್ರೆ ಎಲ್ಲಾ ಒಂದೇ ಗಂಟು: ಬ್ಯಾಟರಿ ಒಳಗೇ ಇದೆ ಹಾಗಾಗಿ ಎಂಜಿನ್ ಸ್ಟಾರ್ಟ್ ಸಮಸ್ಯೆ ಇಲ್ಲ, ಸ್ಕ್ರೀನ್ ಬಿಸಿಲಲ್ಲಿ ಕಾಣುತ್ತೆ, ದಡಕ್ಕೆ ಬಂದಾಗ ಎತ್ಕೊಂಡು ಹೋಗಬಹುದು. ಹೊಸದರ ಬೆಲೆ ಮಾಮೂಲಿ ಲ್ಯಾಪ್‌ಟಾಪಿನ ಮೂರು ನಾಲ್ಕು ಪಟ್ಟು ಇರೋದರಿಂದ ಹೆಚ್ಚಿನವರು ಸೆಕೆಂಡ್ ಹ್ಯಾಂಡ್ ನೋಡ್ತಾರೆ. ತಪ್ಪಿಲ್ಲ, ಆದ್ರೆ ಹಳೇದ್ರಲ್ಲಿ ಪೋರ್ಟ್ ಬಾಗಿಲಿನ ರಬ್ಬರ್ ಒಣಗಿ ಸೀಳಿರುತ್ತೆ, ಯಾರೋ ರಿಪೇರಿಗೆ ಬಿಚ್ಚಿ ಒಳಗಿನ ಗ್ಯಾಸ್ಕೆಟ್ ಸರಿಯಾಗಿ ಕೂರಿಸಿರಲ್ಲ, ಅಂಥದಕ್ಕೆ ಪೆಟ್ಟಿಗೆ ಮೇಲಿನ ಐಪಿ ನಂಬರ್ ಲೆಕ್ಕಕ್ಕಿಲ್ಲ. ಬಾಗಿಲುಗಳನ್ನ ಒಂದೊಂದಾಗಿ ತೆಗೆದು ರಬ್ಬರನ್ನ ಉಗುರಲ್ಲಿ ಒತ್ತಿ ನೋಡಿ, ಒತ್ತಿದ್ದು ವಾಪಸ್ ಬರದೇ ಗುಳಿ ಹಾಗೇ ನಿಂತ್ರೆ ಬಿಟ್ಟುಬಿಡಿ. ಬಿಡೋಕೆ ಮನಸ್ಸಿಲ್ಲ ಅಂದ್ರೆ ಕ್ಯಾಬಿನ್ ಒಳಗೆ ಮಾತ್ರ ಬಳಸ್ತೀನಿ ಅಂತ ಮನಸ್ಸು ಮಾಡ್ಕೊಂಡು ತಗೊಳ್ಳಿ.

ಟ್ಯಾಬ್ಲೆಟ್ ಬಗ್ಗೆ ಜನಕ್ಕೆ ಪ್ರೀತಿ ಜಾಸ್ತಿ, ಯಾಕಂದ್ರೆ ಈಗಾಗ್ಲೇ ಮನೇಲಿ ಒಂದು ಇರುತ್ತೆ. ಐಪ್ಯಾಡ್ ಇದ್ರೆ ಎರಡು ವಿಷಯ ಗಮನಿಸಿ. ಬರೀ ವೈಫೈ ಮಾಡೆಲಲ್ಲಿ ಜಿಪಿಎಸ್ ಇಲ್ಲ, ಮೊಬೈಲ್ ನೆಟ್‌ವರ್ಕ್ ಹಿಡಿಯೋ ಸೆಲ್ಯುಲಾರ್ ಮಾಡೆಲಲ್ಲಿ ಮಾತ್ರ ಇದೆ. ಮತ್ತೆ ಆಪಲ್‌ನವರೇ 35 ಡಿಗ್ರಿ ತನಕ ಬಳಸಿ ಅಂತ ಹೇಳಿರೋದು, ನೇರ ಬಿಸಿಲಲ್ಲಿ ಚಾರ್ಜಿಗೆ ಹಾಕಿ ಇಟ್ರೆ ಬಿಸಿಯಾಗಿ "ತಣ್ಣಗಾಗೋ ತನಕ ಬಳಸೋಕಾಗಲ್ಲ" ಅಂತ ಬಾಗಿಲು ಹಾಕ್ಕೊಳ್ಳುತ್ತೆ, ಅದೂ ನಿಮಗೆ ತೀರಾ ಬೇಕಾದ ಹೊತ್ತಲ್ಲಿ. ಬೋಟಿಗೇ ಅಂತ ಟ್ಯಾಬ್ಲೆಟ್ ತಗೊಳ್ಳೋದಾದ್ರೆ ನನ್ನ ಓಟು ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಆಕ್ಟಿವ್ ಸಾಲಿಗೆ. ಐಪಿ68, ಗ್ಲೌಸ್ ಹಾಕ್ಕೊಂಡೂ ಟಚ್ ಆಗುತ್ತೆ, ಬ್ಯಾಟರಿ ಕೈಯಲ್ಲೇ ಬದಲಾಯಿಸಬಹುದು, ಈಚಿನ ಮಾಡೆಲ್‌ಗಳಲ್ಲಿ ಬ್ಯಾಟರಿ ತೆಗೆದಿಟ್ಟು ಬರೀ ವೈರ್ ಕರೆಂಟಲ್ಲೂ ಓಡಿಸಬಹುದು. ಬಿಸಿಲಿಗೆ ಬೇಯೋ ಜಾಗದಲ್ಲಿ ಲಿಥಿಯಂ ಬ್ಯಾಟರಿ ಇಲ್ಲದೇ ಓಡೋದು ಸಣ್ಣ ವಿಷಯ ಅಲ್ಲ. ಟ್ಯಾಬ್ಲೆಟ್‌ಗಳ ಕೊರತೆ ಏನು ಅಂದ್ರೆ ಬೋಟಿನ ಸೆನ್ಸರ್‌ಗಳಿಗೆ ನೇರ ವೈರ್ ಹಾಕೋದು ಕಷ್ಟ, ಸಾಮಾನ್ಯವಾಗಿ ಮಧ್ಯ ಆ ಮಾಹಿತಿಯನ್ನ ವೈಫೈನಲ್ಲಿ ಕಳಿಸೋ ಗೇಟ್‌ವೇ ಬೇಕಾಗುತ್ತೆ. ಹಾಗಾಗಿ ನಾನು ಅದನ್ನ ಕಂಪ್ಯೂಟರ್ ಅಂತ ಲೆಕ್ಕ ಹಾಕಲ್ಲ, ಒಳ್ಳೇ ಎರಡನೇ ಸ್ಕ್ರೀನ್ ಅಂತ ಲೆಕ್ಕ ಹಾಕ್ತೀನಿ.

ಫ್ಯಾನ್ ಇಲ್ಲದ ಇಂಡಸ್ಟ್ರಿಯಲ್ ಡಬ್ಬ ನನಗೆ ಎಲ್ಲಕ್ಕಿಂತ ಇಷ್ಟ. ದಪ್ಪ ಅಲ್ಯೂಮಿನಿಯಂ ಬಾಡಿ, ಮೇಲೆ ಬಿಸಿ ಹೊರಹಾಕೋಕೆ ಸಾಲುಸಾಲು ರೆಕ್ಕೆ, ಹಿಂದೆ ಸ್ಕ್ರೂ ಹಾಕಿ ಬಿಗಿಯೋ ಪವರ್ ಕನೆಕ್ಟರು, 9ರಿಂದ 36 ವೋಲ್ಟು, ಎರಡು ಮೂರು ಸೀರಿಯಲ್ ಪೋರ್ಟು. ಫ್ಯಾಕ್ಟರಿಗೆ ಅಂತ ಮಾಡಿದ್ದು ಬೋಟಿಗೂ ಹೇಳಿಮಾಡಿಸಿದ ಹಾಗಿರುತ್ತೆ. ಇಂಟೆಲ್ ಎನ್100 ಥರದ 6 ವಾಟ್ ಚಿಪ್ ಇದ್ರೂ ಚಾರ್ಟ್ ಸಾಫ್ಟ್‌ವೇರ್, ಹವಾಮಾನ, ಎರಡು ಕ್ಯಾಮೆರಾ ಆರಾಮಾಗಿ ಓಡುತ್ವೆ, ಇದಕ್ಕಿಂತ ದೊಡ್ಡ ಚಿಪ್ ಹಾಕಿದ್ರೆ ಬರೀ ಬಿಸಿ ಮತ್ತೆ ಕರೆಂಟ್ ಬಿಲ್ಲು. ಆದ್ರೆ ಇದು ನೀರು ತಡೆಯೋ ಡಬ್ಬ ಅಲ್ಲ, ಕ್ಯಾಬಿನ್ ಒಳಗೆ ಒಣ ಜಾಗದಲ್ಲಿ, ಎತ್ತರದಲ್ಲಿ, ಕಿಟಕಿ ಕೆಳಗೆ ಬಾರದ ಹಾಗೆ ಕೂರಿಸಬೇಕು. ಕನೆಕ್ಟರ್‌ಗಳು ಕೆಳಮುಖ ಇರಲಿ, ಪ್ರತಿ ವೈರೂ ಕನೆಕ್ಟರಿಗಿಂತ ಕೆಳಗೆ ಇಳಿದು ಮತ್ತೆ ಮೇಲೆ ಬರಲಿ, ಆಗ ವೈರ್ ಗುಂಟ ಇಳಿದು ಬಂದ ನೀರು ಆ ತಗ್ಗಲ್ಲೇ ತೊಟ್ಟಿಕ್ಕುತ್ತೆ, ಡಬ್ಬಿಗೆ ಹೋಗಲ್ಲ.

ಇನ್ನು ರಾಸ್ಪ್‌ಬೆರಿ ಪೈ. ಕಟ್ಟೋ ಹುಚ್ಚು ಇದ್ದೋರಿಗೆ ಇದಕ್ಕಿಂತ ಮಜಾ ಬೇರೆ ಇಲ್ಲ. ಓಪನ್‌ಪ್ಲಾಟರ್ ಅನ್ನೋ ಸಿದ್ಧ ಸಿಸ್ಟಮ್ ಇದೆ, ಅದರಲ್ಲಿ ಓಪನ್‌ಸಿಪಿಎನ್, ಸಿಗ್ನಲ್ ಕೆ ಎಲ್ಲಾ ಬರುತ್ತೆ. ಸಿಗ್ನಲ್ ಕೆ ಏನು ಮಾಡುತ್ತೆ ಅಂದ್ರೆ ಬೋಟಿನ ಆಳ, ಗಾಳಿ, ಜಿಪಿಎಸ್, ಎಂಜಿನ್ ಎಲ್ಲದರ ಮಾಹಿತಿ ಒಂದು ಕಡೆ ಸೇರಿಸಿ ವೈಫೈನಲ್ಲಿ ಹಂಚುತ್ತೆ, ಫೋನಲ್ಲಿ ಟ್ಯಾಬ್ಲೆಟ್ಟಲ್ಲಿ ಬ್ರೌಸರ್ ತೆಗೆದು ನೋಡ್ಕೋಬಹುದು. ಆದ್ರೆ ಪೈ ತಂದು ಹಾಗೇ ಬೋಟಲ್ಲಿ ಇಟ್ರೆ ಉಳಿಯಲ್ಲ, ಅದಕ್ಕೆ ಮುಂದಿನ ಭಾಗ ಓದಿ.

ಮಾಮೂಲಿ ಲ್ಯಾಪ್‌ಟಾಪ್ ಬಗ್ಗೆನೂ ಒಂದು ಮಾತು. ಒಣ ಕ್ಯಾಬಿನ್ ಇರೋ ದೊಡ್ಡ ಬೋಟಲ್ಲಿ ಹಳೇ ಲ್ಯಾಪ್‌ಟಾಪ್ ಒಂದನ್ನ ಬಿಗಿಯಾಗಿ ಕೂರಿಸಿ, ಅದರದೇ ಮಾಡೆಲ್ಲಿನ ಇನ್ನೊಂದನ್ನ ಸೀಲ್ ಮಾಡಿ ಎತ್ತಿಟ್ಟು, ಎರಡು ಮೂರು ವರ್ಷ ಓಡಿಸೋರು ಇದಾರೆ. ರಗಡ್ ಒಂದರ ಬದಲು ಸಾದಾ ಎರಡು. ಇದು ಜುಗ್ಗತನ ಅಲ್ಲ, ಒಳ್ಳೇ ಯೋಚನೆ. ತೆರೆದ ಬೋಟಲ್ಲಿ ಮಾತ್ರ ಈ ಆಟ ನಡೆಯಲ್ಲ.

ಮಿದುಳು ಒಳಗೆ, ಕಣ್ಣು ಹೊರಗೆ

ಚುಕ್ಕಾಣಿ ಹತ್ರ ನಿಮಗೆ ಬೇಕಿರೋದು ಸ್ಕ್ರೀನ್ ಅಷ್ಟೇ, ಕಂಪ್ಯೂಟರ್ ಅಲ್ಲ. ಕಂಪ್ಯೂಟರ್ ಒಳಗೆ ಒಣಗಿರಲಿ, ಹೊರಗೆ ನೀರು ತಡೆಯೋ ಸ್ಕ್ರೀನ್ ಮಾತ್ರ ಇರಲಿ. ಇದೊಂದು ನಿರ್ಧಾರದಿಂದ ಖರ್ಚು, ತಲೆನೋವು ಎರಡೂ ಇಳಿಯುತ್ತೆ. ಮನೆ ಲ್ಯಾಪ್‌ಟಾಪ್ ಸ್ಕ್ರೀನ್ 250, 300 ನಿಟ್ (ಸ್ಕ್ರೀನ್ ಬೆಳಕಿನ ಅಳತೆ) ಇರುತ್ತೆ, ಬಿಸಿಲಲ್ಲಿ ಅದರಲ್ಲಿ ನಿಮ್ಮ ಮುಖ ಮಾತ್ರ ಕಾಣುತ್ತೆ. ಹೊರಗೆ ಓದೋಕೆ 1000 ನಿಟ್ ಬೇಕು, ಮತ್ತೆ ಗಾಜು ಮತ್ತು ಪ್ಯಾನೆಲ್ ಮಧ್ಯ ಗಾಳಿ ಇಲ್ಲದ ಹಾಗೆ ಅಂಟಿಸಿರೋ ಆಪ್ಟಿಕಲ್ ಬಾಂಡಿಂಗ್ ಇದ್ರೆ ಇನ್ನೂ ಒಳ್ಳೇದು, ಮಿರುಗು ಕಮ್ಮಿ, ಒಳಗೆ ಇಬ್ಬನಿ ಕಟ್ಟೋಕೆ ಜಾಗಾನೂ ಇರಲ್ಲ. ಎಲ್ರೂ ಮರೆಯೋದು ಇದರ ಇನ್ನೊಂದು ತುದಿ, ರಾತ್ರಿ ಎಷ್ಟು ಮಂಕಾಗುತ್ತೆ ಅನ್ನೋದು. ಕತ್ತಲೇಲಿ ಕಣ್ಣು ಹೊಂದ್ಕೊಳ್ಳೋಕೆ ಅರ್ಧ ಗಂಟೆ ಬೇಕು, ಅಷ್ಟರಲ್ಲಿ ಸ್ಕ್ರೀನ್ ಒಮ್ಮೆ ಕಣ್ಣಿಗೆ ಹೊಡೆದ್ರೆ ಮೊದಲಿಂದ ಶುರು. ಅಂಗಡೀಲಿ ಫುಲ್ ಬ್ರೈಟ್‌ನೆಸ್ ತೋರಿಸ್ತಾರೆ, ನೀವು ಅತೀ ಕಮ್ಮಿ ಎಷ್ಟು ಅಂತ ಕೇಳಿ, ಕತ್ತಲೆ ಕೋಣೇಲಿ ನೋಡಿ. ಪೋಲರಾಯ್ಡ್ ಕನ್ನಡಕ ಹಾಕ್ಕೊಂಡೂ ನೋಡಿ, ಕೆಲವು ಸ್ಕ್ರೀನ್ ಅಡ್ಡ ಇಟ್ರೆ ಕಾಣುತ್ತೆ, ಉದ್ದ ತಿರುಗಿಸಿದ್ರೆ ಪೂರ್ತಿ ಕಪ್ಪು.

ಟಚ್ ವಿಷಯ: ಫೋನಲ್ಲಿರೋ ಥರದ ಕೆಪಾಸಿಟಿವ್ ಟಚ್‌ಗೆ ನೀರಿನ ಹನೀನೂ ಒಂದೇ ಬೆರಳೂ ಒಂದೇ. ಮಳೆ ಬಂದಾಗ ಚಾರ್ಟ್ ತಾನೇ ಜೂಮ್ ಆಗಿ ಎಲ್ಲೆಲ್ಲಿಗೋ ಓಡುತ್ತೆ. ಒತ್ತಿದ್ರೆ ಕೆಲಸ ಮಾಡೋ ಹಳೇ ರೆಸಿಸ್ಟಿವ್ ಟಚ್ ಇಲ್ಲಿ ವಾಸಿ, ಏನೇ ಇದ್ರೂ ಪಕ್ಕದಲ್ಲಿ ನೀರು ತಡೆಯೋ ಟ್ರ್ಯಾಕ್‌ಬಾಲ್ ಇಲ್ಲಾ ನಾಲ್ಕು ಗಟ್ಟಿ ಬಟನ್ ಇದ್ರೆ ಜೀವ ನಿರಾಳ.

ಕಟ್ಟೋದಾದ್ರೆ

ಪೂರ್ತಿ ಸೀಲ್ ಮಾಡಿದ ಡಬ್ಬ ಅಂದ್ರೆ ಸೇಫು ಅನ್ನೋದು ಅರ್ಧ ಸತ್ಯ. ಹಗಲು ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಸಂದಿಯಿಂದ ಹೊರಗೆ ಹೋಗುತ್ತೆ, ಸಂಜೆ ತಣ್ಣಗಾದಾಗ, ಇಲ್ಲಾ ಬಿಸಿ ಡಬ್ಬಿ ಮೇಲೆ ತಣ್ಣೀರು ಬಿದ್ದಾಗ, ಅದೇ ಸಂದಿಯಿಂದ ಒದ್ದೆ ಗಾಳಿ, ಕೆಲವೊಮ್ಮೆ ನೀರನ್ನೇ ಒಳಗೆ ಎಳ್ಕೊಳ್ಳುತ್ತೆ. ಅದಕ್ಕೇ ಗಾಳಿ ಬಿಟ್ಟು ನೀರು ತಡೆಯೋ ಪೊರೆ ಇರೋ ಚಿಕ್ಕ ವೆಂಟ್ ಪ್ಲಗ್ ಒಂದನ್ನ ಡಬ್ಬಿ ಕೆಳಭಾಗದಲ್ಲಿ ಹಾಕಿ. ಸಿಲಿಕಾ ಜೆಲ್ ಚೀಲ ಹಾಕಿದ್ರೆ ತೆಗೆದು ಒಣಗಿಸೋ ಕೆಲಸಾನೂ ನಿಮ್ಮದೇ, ಒದ್ದೆಯಾದ ಸಿಲಿಕಾ ಜೆಲ್‌ನಿಂದ ಏನೂ ಉಪಯೋಗ ಇಲ್ಲ.

ಬಿಸಿ ಹೊರಗೆ ಹೋಗೋಕೆ ಪ್ಲಾಸ್ಟಿಕ್ ಡಬ್ಬಿ ಬಿಡಲ್ಲ. ಪೈ 80 ಡಿಗ್ರಿ ಮುಟ್ಟಿದ್ರೆ ತಾನೇ ಸ್ಪೀಡ್ ಇಳಿಸೋಕೆ ಶುರು ಮಾಡುತ್ತೆ. ಅಲ್ಯೂಮಿನಿಯಂ ಎರಕದ ಡಬ್ಬಿ ತಗೊಂಡು, ಚಿಪ್ಪಿಗೂ ಡಬ್ಬಿ ಗೋಡೆಗೂ ಮಧ್ಯ ಥರ್ಮಲ್ ಪ್ಯಾಡು, ಬೇಕಾದ್ರೆ ಒಂದು ಅಲ್ಯೂಮಿನಿಯಂ ತುಂಡು ಕೊಟ್ಟು ಸೇರಿಸಿದ್ರೆ ಡಬ್ಬಿಯೇ ಹೀಟ್‌ಸಿಂಕ್ ಆಗುತ್ತೆ. ಆದ್ರೆ ಹೀಗೆ ಮಾಡಿದ್ರೆ ವೈಫೈ ಸಿಗ್ನಲ್ ಲೋಹದೊಳಗೇ ಸಿಕ್ಕಿಹಾಕ್ಕೊಳ್ಳುತ್ತೆ, ಆಂಟೆನಾ ಹೊರಗೆ ತರಬೇಕು. ಇಂಥವೇ ಒಂದು ಸರಿ ಮಾಡಿದ್ರೆ ಇನ್ನೊಂದು ಎಳೆಯೋ ವಿಷಯಗಳು, ಅದಕ್ಕೇ ಕಟ್ಟೋಕೆ ಇಷ್ಟ ಇಲ್ಲದೋರಿಗೆ ಸಿದ್ಧ ಡಬ್ಬ ತಗೊಳ್ಳಿ ಅನ್ನೋದು.

ಬೋರ್ಡಿಗೆ ಕನ್ಫಾರ್ಮಲ್ ಕೋಟಿಂಗ್, ಅಂದ್ರೆ ತೇವ ತಡೆಯೋ ತೆಳು ಲೇಪ, ಹೊಡೀರಿ, ಅಕ್ರಿಲಿಕ್ ಆದ್ರೆ ಮುಂದೆ ರಿಪೇರಿಗೆ ತೆಗೆಯೋದೂ ಸುಲಭ. ಹೊಡೆಯೋ ಮೊದಲು ಕನೆಕ್ಟರ್, ಕಾರ್ಡ್ ಸ್ಲಾಟ್, ಹೀಟ್‌ಸಿಂಕ್ ಕೂರೋ ಜಾಗ ಎಲ್ಲಾ ಟೇಪ್ ಹಾಕಿ ಮುಚ್ಚಬೇಕು. ಕುಲುಕಾಟಕ್ಕೆ ಸಡಿಲ ಆಗೋ ಕನೆಕ್ಟರಿಗೆ ಒಂದು ಹನಿ ಸಿಲಿಕೋನ್ ಇಡೋ ಪದ್ಧತಿ ಇದೆ, ಒಳ್ಳೇದೇ, ಆದ್ರೆ ವಿನೆಗರ್ ವಾಸನೆ ಬರೋ ಬಾತ್‌ರೂಮ್ ಸಿಲಿಕೋನ್ ಬೇಡ, ಅದು ಒಣಗೋವಾಗ ಬಿಡೋ ಆಸಿಡ್ಡೇ ತಾಮ್ರ ತಿನ್ನುತ್ತೆ. ನ್ಯೂಟ್ರಲ್ ಕ್ಯೂರ್ ಅಂತ ಬರೆದಿರೋದು ನೋಡಿ ತಗೊಳ್ಳಿ.

ಎಸ್‌ಡಿ ಕಾರ್ಡಲ್ಲಿ ಸಿಸ್ಟಮ್ ಓಡಿಸಬೇಡಿ. ಬರೀತಿರೋ ಹೊತ್ತಲ್ಲಿ ಕರೆಂಟ್ ಹೋದ್ರೆ ಕಾರ್ಡ್ ಕೆಡುತ್ತೆ, ಬೋಟಲ್ಲಿ ಕರೆಂಟ್ ಹೋಗದೇ ಇರೋ ದಿನ ಯಾವುದು. ಎಸ್‌ಎಸ್‌ಡಿ ಹಾಕಿ, ಅಥವಾ ಓವರ್‌ಲೇ ಮೋಡ್ ಆನ್ ಮಾಡಿ ಕಾರ್ಡಿಗೆ ಏನೂ ಬರೆಯದ ಹಾಗೆ ಮಾಡಿ. 5 ವೋಲ್ಟನ್ನ ಉದ್ದ ವೈರಲ್ಲಿ ಎಳೆಯೋದೂ ಬೇಡ. ಪೈಗೆ 4.63 ವೋಲ್ಟಿಗಿಂತ ಕೆಳಗೆ ಹೋದ್ರೆ ಲೋ ವೋಲ್ಟೇಜ್ ಎಚ್ಚರಿಕೆ ಬರುತ್ತೆ, ತೆಳು ವೈರಲ್ಲಿ ಅಷ್ಟು ಬೀಳೋದು ಕಣ್ಣು ಮುಚ್ಚಿ ಬಿಡೋದ್ರೊಳಗೆ. 12 ವೋಲ್ಟನ್ನೇ ಅಲ್ಲಿ ತನಕ ತಂದು ಪಕ್ಕದಲ್ಲೇ 5 ಮಾಡಿ, ವೈರ್ ತವರ ಲೇಪಿಸಿದ ತಾಮ್ರದ್ದು ಇರಲಿ, ಫ್ಯೂಸ್ ಬ್ಯಾಟರಿ ಹತ್ರಾನೇ ಇರಲಿ.

ಬೋಟಿನ ಎನ್‌ಎಂಇಎ 2000 ಜಾಲಕ್ಕೆ (ಸೆನ್ಸರು, ಪ್ಲಾಟರು ಎಲ್ಲಾ ಸೇರಿಸೋ ಡೇಟಾ ವೈರು) ಸೇರಿಸೋವಾಗ ಎರಡೂ ಕಡೆಯ ಕರೆಂಟನ್ನ ಬೇರೆಯಾಗಿಡೋ ಐಸೊಲೇಟೆಡ್ ಅಡಾಪ್ಟರ್ ಬಳಸಿ, ಇಲ್ಲಾಂದ್ರೆ ಎರಡು ದಾರಿಯಿಂದ ಗ್ರೌಂಡ್ ಸೇರಿ ಏನೇನೋ ವಿಚಿತ್ರ ಆಗುತ್ತೆ. ಜಾಲದ ಎರಡೂ ತುದೀಲಿ 120 ಓಮಿನ ಟರ್ಮಿನೇಟರ್ ಇರಬೇಕು, ಪವರ್ ಆಫ್ ಮಾಡಿ ಎರಡು ಡೇಟಾ ವೈರ್ ಮಧ್ಯ ಮೀಟರ್ ಇಟ್ರೆ 60 ಓಮ್ ತೋರಿಸಬೇಕು. 120 ತೋರಿಸಿದ್ರೆ ಒಂದು ತುದಿ ಬಿಟ್ಟುಹೋಗಿದೆ ಅಂತ ಅರ್ಥ.

ಹಾಗಾದ್ರೆ ಯಾರಿಗೆ ಯಾವುದು

ತೆರೆದ ಸಣ್ಣ ಬೋಟು, ಕ್ಯಾಬಿನ್ ಇಲ್ಲ, ಹೋಗಿ ಸಂಜೆ ವಾಪಸ್: ರಗಡ್ ಟ್ಯಾಬ್ಲೆಟ್, ಬೇರೆ ಮಾತಿಲ್ಲ. ಕ್ಯಾಬಿನ್ ಇದೆ, ಬೋಟಲ್ಲೂ ದಡದಲ್ಲೂ ಒಂದೇ ಮಿಷನ್ ಬೇಕು: ಪೂರ್ತಿ ರಗಡ್ ಲ್ಯಾಪ್‌ಟಾಪ್, ಡಿಸಿ ಚಾರ್ಜರ್ ಜೊತೆ. ದಿನಗಟ್ಟಲೆ ಹೊರಗಿರ್ತೀರಿ, ಬ್ಯಾಟರಿ ಸೋಲಾರ್ ಮೇಲೇ ಬದುಕು: ಪೈ, ಆದ್ರೆ ರಿಪೇರಿ ಮಾಡೋರು ಬೋಟಲ್ಲೇ ಇರಬೇಕು. ಕಟ್ಟಿದೋರು ದಡದಲ್ಲಿ ಉಳಿದ್ರೆ ಬೋಟಲ್ಲಿರೋರಿಗೆ ಅದು ಬರೀ ಮಿಣುಕೋ ದೀಪದ ಡಬ್ಬಿ. ಉಳಿದ ಬಹುಪಾಲು ಜನಕ್ಕೆ ಫ್ಯಾನಿಲ್ಲದ ಡಬ್ಬ ಒಳಗೆ, 1000 ನಿಟ್ ಸ್ಕ್ರೀನ್ ಹೊರಗೆ, ಟ್ಯಾಬ್ಲೆಟ್ ಒಂದು ಬ್ಯಾಕಪ್‌ಗೆ. ಮತ್ತೆ ದೊಡ್ಡ ಹಡಗಿಗೆ ಕಾನೂನು ಕೇಳೋ ಇಸಿಡಿಐಎಸ್ (ಎಲೆಕ್ಟ್ರಾನಿಕ್ ಚಾರ್ಟ್ ವ್ಯವಸ್ಥೆ) ಅನ್ನೋದು ಟೈಪ್ ಅಪ್ರೂವಲ್, ಅಂದ್ರೆ ಅಧಿಕೃತ ಒಪ್ಪಿಗೆ, ಆದ ಸಾಧನ, ಇಲ್ಲಿ ಹೇಳಿದ ಯಾವುದೂ ಅದರ ಜಾಗಕ್ಕೆ ಬರಲ್ಲ. ಸ್ವಂತ ಬೋಟಲ್ಲೂ ಫೋನಲ್ಲಿ ಆಫ್‌ಲೈನ್ ಚಾರ್ಟ್, ಕಾಗದದ ಚಾರ್ಟ್ ಎರಡೂ ಇರಲಿ.

ಏನೇ ತಗೊಂಡ್ರೂ ಹಗ್ಗ ಬಿಚ್ಚೋ ಮೊದಲು ಮೂರು ಟೆಸ್ಟ್ ಮಾಡಿ. ಕಂಪ್ಯೂಟರ್ ಆನ್ ಇಟ್ಕೊಂಡು ಎಂಜಿನನ್ನ ನಾಲ್ಕೈದು ಸಲ ಸ್ಟಾರ್ಟ್ ಮಾಡಿ, ಒಮ್ಮೆಯಾದ್ರೂ ಸ್ಕ್ರೀನ್ ಮಿಣುಕಿದ್ರೆ ಪವರ್ ಕಡೆ ಇನ್ನೂ ಕೆಲಸ ಇದೆ. ಆಮೇಲೆ ದಿಕ್ಸೂಚಿ ನೋಡ್ತಾ ಕಂಪ್ಯೂಟರ್, ಸ್ಕ್ರೀನ್, ಟ್ಯಾಬ್ಲೆಟ್ ಕವರ್ ಎಲ್ಲಾ ಅದರದರ ಜಾಗದಲ್ಲಿ ಇಟ್ಟು ತೆಗೆದು ಮಾಡಿ, ಕವರಿನ ಮ್ಯಾಗ್ನೆಟ್ಟಿಗೆ ಮುಳ್ಳು ಎಷ್ಟು ತಿರುಗುತ್ತೆ ನೋಡಿದ್ರೆ ಆಶ್ಚರ್ಯ ಆಗುತ್ತೆ. ಮೂರನೇದು ರೇಡಿಯೋ. ಕಂಪ್ಯೂಟರ್ ಆಫ್ ಇದ್ದಾಗ ವಿಎಚ್‌ಎಫ್‌ನ (ಬೋಟಲ್ಲಿ ಮಾತಾಡೋಕಿರೋ ರೇಡಿಯೋ) ಖಾಲಿ ಚಾನೆಲಲ್ಲಿ ಗರಗರ ಶಬ್ದ ತಡೆಯೋ ಸ್ಕ್ವೆಲ್ಚ್ ಗುಂಡಿ ತಿರುಗಿಸ್ತಾ ಶಬ್ದ ಆಗಷ್ಟೇ ನಿಲ್ಲೋ ಜಾಗಕ್ಕೆ ತನ್ನಿ, ಈಗ ಕಂಪ್ಯೂಟರು, ಕನ್ವರ್ಟರು, ಸ್ಕ್ರೀನು ಒಂದೊಂದಾಗಿ ಆನ್ ಮಾಡಿ. ಯಾವುದು ಆನ್ ಮಾಡಿದಾಗ ಕರ್ರ್ ಅಂತ ಶಬ್ದ ವಾಪಸ್ ಬಂತೋ ಅದೇ ಕಳ್ಳ. 2018ರಲ್ಲಿ ಅಮೆರಿಕದ ಕೋಸ್ಟ್ ಗಾರ್ಡ್ ಎಲ್‌ಇಡಿ ದೀಪಗಳು ವಿಎಚ್‌ಎಫ್, ಎಐಎಸ್ ಎರಡನ್ನೂ ಕೆಡಿಸ್ತಿವೆ ಅಂತ ಎಚ್ಚರಿಕೆ ಕೊಟ್ಟಾಗ ಇದೇ ಥರದ ಟೆಸ್ಟ್ ಹೇಳಿತ್ತು, ಕಳಪೆ ಡಿಸಿ-ಡಿಸಿ ಕನ್ವರ್ಟರ್ ಮಾಡೋದೂ ಅದೇ ಕೆಲಸ. ಎಐಎಸ್ ಓಡೋದು 161.975 ಮತ್ತು 162.025 ಮೆಗಾಹರ್ಟ್ಸಲ್ಲಿ, ಅಂದ್ರೆ ವಿಎಚ್‌ಎಫ್ ಬ್ಯಾಂಡಲ್ಲೇ, ಹಾಗಾಗಿ ಒಂದು ಕೆಟ್ಟಿದ್ರೆ ಇನ್ನೊಂದೂ ಕೆಟ್ಟಿರೋ ಸಾಧ್ಯತೆ ಜಾಸ್ತಿ. ವೈರಿಗೆ ಫೆರೈಟ್ (ರೇಡಿಯೋ ಗಲಾಟೆ ತಡೆಯೋ ಉಂಗುರ) ಹಾಕಿ, ಡಬ್ಬಿಯನ್ನ ಆಂಟೆನಾ ಕೇಬಲ್‌ನಿಂದ ದೂರ ಸರಿಸಿ, ಆಗಲೂ ಹೋಗದಿದ್ರೆ ಕನ್ವರ್ಟರ್ ಬದಲಾಯಿಸಿ.

ಎಲ್ಲಾ ಸರಿ ಓಡ್ತಿದೆ ಅಂತ ಆದ್ಮೇಲೆ ಡಿಸ್ಕಿನ ಒಂದು ಕ್ಲೋನ್ ಮಾಡಿ, ಆ ಕ್ಲೋನಿಂದ ಒಮ್ಮೆ ಬೂಟ್ ಮಾಡಿ ನೋಡಿ, ಆಮೇಲೆ ಡಬ್ಬಿ ಬಿಚ್ಚೋ ಸ್ಕ್ರೂಡ್ರೈವರ್ ಜೊತೆ ಅದನ್ನ ಜಿಪ್ ಚೀಲದಲ್ಲಿ ಹಾಕಿ ಒಣ ಜಾಗದಲ್ಲಿ ಎತ್ತಿಡಿ.